ದತ್ತಿಗಳ ಲೆಕ್ಕ ಕೇಳಿದ ನ್ಯಾಯವಾದಿ: ಹೆನ್ರಿ ಬ್ರೂಮನ ಚರಿತ್ರೆ

ಒಬ್ಬ ಒಕ್ಕಲಿಗನು ಸಾಯುವದಕ್ಕೆ ಮುಂಚೆ ತನ್ನ ಹೊಲವೊಂದನ್ನು ಬಡವರ ಹೆಸರಿಗೆ ಬರೆದಿಟ್ಟನೆನ್ನೋಣ. ಅದರ ಗೇಣಿಯಿಂದ ಊರಿನ ವಿಧವೆಯರಿಗೆ ಧಾನ್ಯ ದೊರೆಯಬೇಕು, ದಿಕ್ಕಿಲ್ಲದ ಮಕ್ಕಳಿಗೆ ಓದುಬರಹ ಬರಬೇಕು ಎಂಬದು ಆತನ ಮನಸ್ಸು. ಆತನು ಮಣ್ಣು ಸೇರಿದ ಬಳಿಕ ಆ ಹೊಲದ ಗತಿಯೇನು? ಕಾಗದವು ಯಾರದೋ ಪೆಟ್ಟಿಗೆಯಲ್ಲಿ ಬೀಳುವದು. ಗೇಣಿಯು ಯಾರದೋ ಕೈ ಸೇರುವದು. ಕೊಟ್ಟವನು ಸಮಾಧಿಯಿಂದ ಎದ್ದು ಬಂದು ಲೆಕ್ಕ ಕೇಳಲಾರನು. ಹೊಂದಬೇಕಾದ ವಿಧವೆಗೋ, ಅದು ತನ್ನ ಪಾಲೆಂಬದೇ ತಿಳಿಯದು. ಹೀಗೆ ಸತ್ತವನ ಮೌನಕ್ಕೂ ಬಡವರ ಅಜ್ಞಾನಕ್ಕೂ ನಡುವೆ ಒಳ್ಳೇ ದತ್ತಿಗಳು ಸದ್ದಿಲ್ಲದೆ ಕರಗಿಹೋಗುವದು ಎಲ್ಲಾ ದೇಶಗಳಲ್ಲಿ ಕಾಣುವ ಸಂಗತಿಯೇ.

ಇಂಗ್ಲೆಂಡ್ ದೇಶದಲ್ಲಿ ಸುಮಾರು ಇನ್ನೂರು ವರುಷಗಳ ಹಿಂದೆ ಒಬ್ಬ ನ್ಯಾಯವಾದಿಯು ಈ ಮೌನವನ್ನು ಮುರಿದು, ದೇಶದಲ್ಲಿರುವ ದತ್ತಿಗಳೆಲ್ಲಾ ಬೆಳಕಿಗೆ ಬರಬೇಕೆಂದು ಹಟ ಹಿಡಿದನು. ಆತನ ಹೆಸರು ಹೆನ್ರಿ ಬ್ರೂಮ್. ಆತನ ಜೀವನವನ್ನು ನಮ್ಮ ವಾಚಕರ ಮುಂದೆ ಸಂಕ್ಷೇಪವಾಗಿ ಇಡುತ್ತೇವೆ.

ಬ್ರೂಮನು 1778ನೇ ಇಸವಿ ಸೆಪ್ಟೆಂಬರ್ 19ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ ಹುಟ್ಟಿದನು. ಆತನ ತಾಯಿಯು ಒಬ್ಬ ಸಭಾಪಾಲಕನ ಮಗಳು. ಆಕೆಯ ಸೋದರಮಾವನಾದ ವಿಲಿಯಂ ರಾಬರ್ಟ್‌ಸನ್ ಎಂಬವನು ಸ್ಕಾಟಿಷ್ ಸಭೆಯ ಬೋಧಕನೂ ಚರಿತ್ರೆಗಾರನೂ ಎಡಿನ್‌ಬರೋ ವಿಶ್ವವಿದ್ಯಾಲಯದ ಮುಖ್ಯಸ್ಥನೂ ಆಗಿದ್ದನು. ಇಂಥ ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. ಹುಡುಗನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ವಿಶ್ವವಿದ್ಯಾಲಯವನ್ನು ಸೇರಿ, ಇನ್ನೂ ಇಪ್ಪತ್ತು ತುಂಬುವದರೊಳಗೆ ಬೆಳಕಿನ ಗುಣಗಳ ವಿಷಯವಾಗಿ ಬರೆದ ಲೇಖನವು ಲಂಡನಿನ ರಾಯಲ್ ಸೊಸೈಟಿಯಲ್ಲಿ ಓದಲ್ಪಟ್ಟಿತು. 1800ರಲ್ಲಿ ಸ್ಕಾಟ್ಲೆಂಡಿನಲ್ಲಿಯೂ 1808ರಲ್ಲಿ ಇಂಗ್ಲೆಂಡಿನಲ್ಲಿಯೂ ವಕೀಲನಾಗಿ, 1810ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು.

ಪಾರ್ಲಿಮೆಂಟನ್ನು ಸೇರಿದ ಮರುವರುಷವೇ ಆತನು ಮಾಡಿದ ಕೆಲಸವನ್ನು ಮರೆಯಬಾರದು. ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾಯಿದೆಯು 1807ರಲ್ಲಿಯೇ ಆಗಿತ್ತು. ಆದರೆ ಅದನ್ನು ಮೀರಿದವರಿಗೆ ದಂಡ ತೆರುವದರ ಹೊರತು ಬೇರೆ ಭಯವಿರಲಿಲ್ಲ. ಒಂದು ಹಡಗು ಸಿಕ್ಕಿಬಿದ್ದರೆ ಇನ್ನೊಂದರ ಲಾಭದಿಂದ ದಂಡ ಕಟ್ಟಿ ವ್ಯಾಪಾರಿಗಳು ಸುಖವಾಗಿದ್ದರು. ಬ್ರೂಮನು 1811ರಲ್ಲಿ ತಂದ ಕಾಯಿದೆಯು ಈ ವ್ಯಾಪಾರವನ್ನು ಘೋರಾಪರಾಧವೆಂದು ತೀರ್ಮಾನಿಸಿ, ಹದಿನಾಲ್ಕು ವರುಷಗಳ ವರೆಗೆ ದೇಶಾಂತರಶಿಕ್ಷೆಯನ್ನು ವಿಧಿಸಿತು. ನಿಯಮ ಬರೆದರೆ ಸಾಲದು, ಅದನ್ನು ಮೀರಿದವನನ್ನು ಹಿಡಿಯುವ ಬಲವೂ ಬೇಕೆಂಬದನ್ನು ಆತನು ಅಂದೇ ತಿಳಿದುಕೊಂಡನು.

ದತ್ತಿಗಳ ಕಡೆಗೆ ಆತನ ಗಮನವು ಹೋದದ್ದು ಮಕ್ಕಳ ಮೂಲಕವೇ. 1816ರಲ್ಲಿ ಲಂಡನಿನ ಬಡಮಕ್ಕಳ ವಿದ್ಯಾಭ್ಯಾಸವನ್ನು ವಿಚಾರಿಸುವದಕ್ಕಾಗಿ ಪಾರ್ಲಿಮೆಂಟು ಒಂದು ಸಮಿತಿಯನ್ನು ನೇಮಿಸಿತು. ಬ್ರೂಮನೇ ಅದರ ಮುಖ್ಯಸ್ಥನು. ಆ ದೊಡ್ಡ ಪಟ್ಟಣದಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಶಾಲೆಯೇ ಇಲ್ಲವೆಂದು ಸಮಿತಿಯು ಕಂಡಿತು. ಆದರೆ ವಿಚಾರಣೆ ನಡೆದ ಹಾಗೆಲ್ಲಾ ಇನ್ನೊಂದು ಸಂಗತಿಯೂ ಹೊರಬಿತ್ತು. ಅದೇನಂದರೆ, ಬಡಮಕ್ಕಳಿಗೆ ಕಲಿಸುವದಕ್ಕಾಗಿ ಪೂರ್ವಿಕರು ಬಿಟ್ಟುಹೋದ ಹೊಲಗಳೂ ಮನೆಗಳೂ ಹಣವೂ ದೇಶದಲ್ಲಿ ಬೇಕಾದಷ್ಟಿದ್ದವು. ದತ್ತಿಯಿತ್ತು, ಶಾಲೆಯಿರಲಿಲ್ಲ, ಗೇಣಿಯು ಬರುತ್ತಿತ್ತು, ಕಲಿಯುವವರಿರಲಿಲ್ಲ.

ಇದಕ್ಕೆ ಒಂದೆರಡು ದೃಷ್ಟಾಂತಗಳನ್ನು ಕೊಡುತ್ತೇವೆ. ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಸೇಂಟ್ ಬೀಸ್ ಎಂಬ ಊರಿದೆ. ಅಲ್ಲಿ ಹುಟ್ಟಿ ಮುಂದೆ ಆರ್ಚ್‌ಬಿಷಪನಾದ ಎಡ್ಮಂಡ್ ಗ್ರಿಂಡಲನು 1583ರಲ್ಲಿ ತನ್ನ ಊರಿನ ಮಕ್ಕಳಿಗಾಗಿ ಶಾಲೆಯನ್ನು ಸ್ಥಾಪಿಸಿದನು. ಆ ಶಾಲೆಯ ಭೂಮಿಯ ಕೆಳಗೆ ಕಲ್ಲಿದ್ದಲು ಇತ್ತು. 1742ರಲ್ಲಿ ಸರ್ ಜೇಮ್ಸ್ ಲೌದರ್ ಎಂಬ ಐಶ್ವರ್ಯವಂತನು ಆ ಕಲ್ಲಿದ್ದಲನ್ನು ತೆಗೆಯುವ ಹಕ್ಕನ್ನು 867 ವರುಷಗಳಿಗೆ ಗುತ್ತಿಗೆ ಹಿಡಿದನು. ವರುಷಕ್ಕೆ ಆತನು ಶಾಲೆಗೆ ಕೊಡಬೇಕಾದದ್ದು ಮೂರು ಪೌಂಡು ಹತ್ತು ಶಿಲ್ಲಿಂಗು ಮಾತ್ರ! ಇಂಥ ಗುತ್ತಿಗೆಯನ್ನು ಯಾರು ಒಪ್ಪಿದರೆಂದು ವಾಚಕರು ಕೇಳಬಹುದು. ಶಾಲೆಯ ಆಸ್ತಿಯನ್ನು ಕಾಯಬೇಕಾದ ಧರ್ಮದರ್ಶಿಗಳಲ್ಲಿ ಲೌದರನೂ ಒಬ್ಬನಾಗಿದ್ದನು. ಕೊಡುವ ಕೈಯೂ ಕೊಳ್ಳುವ ಕೈಯೂ ಒಂದೇ ಆದಲ್ಲಿ ಬೆಲೆಯನ್ನು ಗೊತ್ತುಮಾಡುವವರಾರು?

ಯಾರ್ಕ್‌ಷೈರ್ ಸೀಮೆಯ ಪಾಕ್ಲಿಂಗ್‌ಟನ್ ಎಂಬ ಊರಿನಲ್ಲಿ 1514ರಿಂದ ನಡೆದುಬಂದ ಒಂದು ಶಾಲೆಯಿತ್ತು. ಅದಕ್ಕೆ ಆದಾಯವು ಚೆನ್ನಾಗಿಯೇ ಇತ್ತು. ಉಪಾಧ್ಯಾಯನಿಗೆ ಸಂಬಳವು ತಪ್ಪದೆ ಮುಟ್ಟುತ್ತಿತ್ತು. ಆದರೆ ಪಾಠ ನಡೆಯಬೇಕಾದ ಕೋಣೆಯಲ್ಲಿ ಬಡಗಿಯ ಮರಗೆಲಸ ನಡೆಯುತ್ತಿತ್ತು.

ಇಂಥವುಗಳನ್ನು ಸರಿಪಡಿಸುವದಕ್ಕೆ ಕಾಯಿದೆಯೇ ಇರಲಿಲ್ಲವೆಂದು ತಿಳಿಯಬಾರದು. ಎಲಿಜಬೆತ್ ರಾಣಿಯ ಕಾಲದಲ್ಲಿ, 1601ರಲ್ಲಿಯೇ, ಧರ್ಮದತ್ತಿಗಳ ಕಾಯಿದೆಯೊಂದು ಆಗಿತ್ತು. ಮುದುಕರ ಮತ್ತು ಅಶಕ್ತರ ಪರಾಮರಿಕೆ, ಶಾಲೆಗಳು, ಸೇತುವೆಗಳು, ಅನಾಥರ ಪೋಷಣೆ, ಬಡ ಕನ್ಯೆಯರ ಮದುವೆ, ಸೆರೆಯವರ ಬಿಡುಗಡೆ ಮುಂತಾದವುಗಳನ್ನು ಅದು ಧರ್ಮಕಾರ್ಯಗಳೆಂದು ಎಣಿಸಿ, ದತ್ತಿಗಳ ದುರುಪಯೋಗವನ್ನು ಸ್ಥಳದಲ್ಲಿಯೇ ವಿಚಾರಿಸುವ ಏರ್ಪಾಡನ್ನೂ ಮಾಡಿತ್ತು. ಆದರೆ ಬ್ರೂಮನ ಕಾಲಕ್ಕೆ ಆ ಏರ್ಪಾಡು ನಿಂತೇ ಹೋಗಿತ್ತು. ಉಳಿದದ್ದು ಲಂಡನಿನ ಚಾನ್ಸರಿ ನ್ಯಾಯಾಸ್ಥಾನ ಒಂದೇ. ಅಲ್ಲಿಯ ವ್ಯಾಜ್ಯಗಳು ವರುಷಗಟ್ಟಲೆ ಎಳೆಯುತ್ತಿದ್ದವು. ಖರ್ಚು ದತ್ತಿಯನ್ನೇ ನುಂಗುತ್ತಿತ್ತು. ಬ್ರೂಮನ ಸ್ನೇಹಿತನಾದ ಸರ್ ಸಾಮ್ಯುವೆಲ್ ರಾಮಿಲಿ ಎಂಬ ನ್ಯಾಯವಾದಿಯು 1812ರಲ್ಲಿ ಒಂದು ಸುಲಭವಾದ ದಾರಿಯನ್ನು ತೆರೆದನು. ಈತನು ಫ್ರಾನ್ಸ್ ದೇಶದಲ್ಲಿ ಹಿಂಸೆಯನ್ನು ತಪ್ಪಿಸಿಕೊಂಡು ಓಡಿಬಂದ ಪ್ರೊಟೆಸ್ಟಂಟರ ಸಂತತಿಯವನು. ಈತನ ಕಾಯಿದೆಯ ಪ್ರಕಾರ ಇಬ್ಬರು ಕೂಡಿ, ಸರಕಾರದ ನ್ಯಾಯಾಧಿಕಾರಿಯ ಅನುಮತಿಯನ್ನು ಪಡೆದು, ದತ್ತಿಯ ದುರುಪಯೋಗದ ವಿಷಯವಾಗಿ ಅರ್ಜಿಯನ್ನು ಕೊಡಬಹುದಾಗಿತ್ತು. ಆದರೂ ಬಾಗಿಲು ತೆರೆದಿದ್ದರೆ ಸಾಕೇ? ಒಳಗೆ ತನ್ನ ಪಾಲು ಇದೆಯೆಂದು ತಿಳಿಯದವನು ಬಾಗಿಲ ಬಳಿಗೆ ಬರುವದೆಂತು?

ಇಲ್ಲಿಯೇ ಬ್ರೂಮನು ವಿಷಯದ ಬೇರನ್ನು ಮುಟ್ಟಿದನು. ಮೊದಲು ಕಳ್ಳರನ್ನು ಹಿಡಿಯುವದಲ್ಲ, ಮೊದಲು ಪಟ್ಟಿಯನ್ನು ಬರೆಯುವದು ಎಂಬದು ಆತನ ಯೋಚನೆ. ಯಾವ ಊರಿನಲ್ಲಿ ಯಾವ ದತ್ತಿಯಿದೆ, ಯಾರು ಕೊಟ್ಟರು, ಯಾರಿಗೋಸ್ಕರ ಕೊಟ್ಟರು, ಆದಾಯವೆಷ್ಟು, ಅದು ಎಲ್ಲಿಗೆ ಹೋಗುತ್ತದೆ ಎಂಬದನ್ನು ಊರೂರಿಗೆ ಹೋಗಿ ವಿಚಾರಿಸಿ ಅಚ್ಚುಹಾಕಿ ಪ್ರಕಟಿಸಬೇಕು. ಬೆಳಕು ಬಿದ್ದ ಮೇಲೆ ಅರ್ಧ ಅನ್ಯಾಯವು ನಾಚಿಕೆಯಿಂದಲೇ ನಿಲ್ಲುವದು. ಉಳಿದ ಅರ್ಧಕ್ಕೆ ನ್ಯಾಯಾಸ್ಥಾನವಿದೆ. ಈ ಅಭಿಪ್ರಾಯವನ್ನು ಆತನು 1818ರಲ್ಲಿ ರಾಮಿಲಿಗೆ ಬರೆದ ಬಹಿರಂಗ ಪತ್ರದ ಮೂಲಕ ಜನರ ಮುಂದೆ ಇಟ್ಟನು. ಆ ಪತ್ರವು ಮತ್ತೆ ಮತ್ತೆ ಅಚ್ಚಾಗಿ ದೇಶದಲ್ಲೆಲ್ಲಾ ಓದಲ್ಪಟ್ಟಿತು. ಅದೇ ವರುಷದ ನವೆಂಬರಿನಲ್ಲಿ ರಾಮಿಲಿಯು ಹೆಂಡತಿಯನ್ನು ಕಳಕೊಂಡ ದುಃಖವನ್ನು ತಾಳಲಾರದೆ ತೀರಿಹೋದದರಿಂದ, ಬ್ರೂಮನಿಗೆ ಅತಿ ನಂಬಿಗಸ್ತನಾದ ಸ್ನೇಹಿತನೊಬ್ಬನು ಇಲ್ಲವಾದನು.

ಬ್ರೂಮನು ಬಯಸಿದಷ್ಟು ಆತನಿಗೆ ದೊರೆಯಲಿಲ್ಲ. 1818ರ ಕಾಯಿದೆಯು ಪಾರ್ಲಿಮೆಂಟಿನಿಂದ ಹೊರಬರುವಾಗ ಅದರ ರೆಕ್ಕೆಗಳು ಕತ್ತರಿಸಲ್ಪಟ್ಟಿದ್ದವು. ವಿದ್ಯಾದತ್ತಿಗಳನ್ನು ಮಾತ್ರ ವಿಚಾರಿಸಬೇಕೆಂದು ಮಿತಿ ಹಾಕಿದರು. ದೊಡ್ಡ ವಿದ್ಯಾಲಯಗಳನ್ನು ಮುಟ್ಟಬಾರದೆಂದು ಬೇಲಿ ಕಟ್ಟಿದರು. ಉತ್ತರ ಕೊಡಲೊಲ್ಲದವರನ್ನು ಬಲಾತ್ಕರಿಸುವ ಅಧಿಕಾರವನ್ನು ತೆಗೆದುಬಿಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ, ವಿಚಾರಣಾಧಿಕಾರಿಗಳನ್ನು ನೇಮಿಸುವಾಗ ಈ ಕೆಲಸವನ್ನು ಹುಟ್ಟಿಸಿದ ಬ್ರೂಮನನ್ನೇ ಬಿಟ್ಟರು. ಆತನು ಬಹಿರಂಗವಾಗಿ ಕೋಪಗೊಂಡನು. ಆದರೆ ಕಾಯಿದೆಯನ್ನು ತಿರಸ್ಕರಿಸಲಿಲ್ಲ. ತುಂಡು ರೊಟ್ಟಿಯಾದರೂ ಹಸಿದವನಿಗೆ ರೊಟ್ಟಿಯೇ ಎಂದೆಣಿಸಿ ಅದನ್ನು ಸ್ವೀಕರಿಸಿದನು. 1819ರಲ್ಲಿಯೇ ವಿಚಾರಣೆಯು ಬಡವರ ಇತರ ದತ್ತಿಗಳಿಗೂ ಹಬ್ಬಿತು.

ಅಧಿಕಾರಿಗಳು ಸೀಮೆಯಿಂದ ಸೀಮೆಗೆ, ಊರಿಂದ ಊರಿಗೆ ತಿರುಗಿದರು. ಹಳೆಯ ಮರಣಶಾಸನಗಳನ್ನು ತೆಗೆಯಿಸಿ ಓದಿದರು. ಗೇಣಿಯ ಚೀಟಿಗಳನ್ನು ಪರೀಕ್ಷಿಸಿದರು. ಈ ಕೆಲಸವು 1837ರ ವರೆಗೆ, ಅಂದರೆ ಹತ್ತೊಂಬತ್ತು ವರುಷಗಳ ಕಾಲ, ನಡೆಯಿತು. 28 ಸಾವಿರಕ್ಕೂ ಮಿಕ್ಕ ದತ್ತಿಗಳು ಪಟ್ಟಿಗೆ ಬಂದವು. ಅವುಗಳ ಆದಾಯವು ಎಲ್ಲಾ ಸೇರಿ ವರುಷಕ್ಕೆ ಸುಮಾರು 12 ಲಕ್ಷ ಪೌಂಡು. ಸೇಂಟ್ ಬೀಸಿನ ಶಾಲೆಗೂ ಮುಂದೆ ಪರಿಹಾರಧನವು ದೊರೆತು, ಅದರಿಂದ ಹೊಸ ಕಟ್ಟಡಗಳು ಎದ್ದವು. ತಮ್ಮ ಊರಿನ ಹೆಸರಿನ ಕೆಳಗೆ ತಮ್ಮ ಹಕ್ಕನ್ನು ಅಚ್ಚಿನಲ್ಲಿ ಕಂಡಾಗ ಬಡವರು ಮೊದಲ ಸಾರಿ ಕೇಳುವ ಧೈರ್ಯವನ್ನು ತಂದುಕೊಂಡರು.

ದಾನ ಮಾಡುವವರಿಗೂ ಬ್ರೂಮನು ಬುದ್ಧಿಹೇಳಿದನು. ಕೊಡುವದೆಲ್ಲಾ ಒಳ್ಳೇದೇ ಎಂದು ಆತನು ನಂಬಲಿಲ್ಲ. ಜನರು ದುಡಿಮೆಯನ್ನು ಬಿಟ್ಟು ಹಂಚಿಕೆಯ ಅನ್ನಕ್ಕೆ ಕಾದು ಕೂರುವಂತೆ ಮಾಡುವ ದತ್ತಿಗಿಂತ, ಮಗುವಿಗೆ ಅಕ್ಷರವನ್ನೂ ರೋಗಿಗೆ ಔಷಧವನ್ನೂ ಕೊಡುವ ದತ್ತಿಯು ಉತ್ತಮವೆಂಬದು ಆತನ ಅಭಿಪ್ರಾಯ. ಕೆಲಸಗಾರರಿಗಾಗಿ ರಾತ್ರಿಯ ಪಾಠಶಾಲೆಗಳು ಏರ್ಪಡುತ್ತಿದ್ದ ಕಾಲದಲ್ಲಿ ಆತನು 1825ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದು, ಅವುಗಳ ಆಡಳಿತವು ಮುಖ್ಯವಾಗಿ ಕೆಲಸಗಾರರ ಕೈಯಲ್ಲಿಯೇ ಇರಬೇಕು, ಅವರೂ ಕೈಲಾದಷ್ಟು ಹಣ ಹಾಕಬೇಕು ಎಂದು ಬೋಧಿಸಿದನು. ಯಾರಿಗಾಗಿ ದತ್ತಿಯೋ ಅವರಿಗೆ ಅದರ ಲೆಕ್ಕವೂ ತಿಳಿದಿರಬೇಕು, ಅದರ ಭಾರವೂ ಸ್ವಲ್ಪ ಹೆಗಲಿಗೆ ಬರಬೇಕು ಎಂಬದು ಆತನ ಎಲ್ಲಾ ಕೆಲಸಗಳ ಒಳಗಿನ ಎಳೆ.

ಬ್ರೂಮನ ಇನ್ನೊಂದು ಸೇವೆಯನ್ನು ನಮ್ಮ ವಾಚಕರು ಮುಖ್ಯವಾಗಿ ನೆನಸತಕ್ಕದ್ದು. ದಕ್ಷಿಣ ಅಮೇರಿಕದ ದೆಮರಾರ ಎಂಬ ಇಂಗ್ಲಿಷರ ವಸಾಹತಿನಲ್ಲಿ, ಇಂದಿನ ಗಯಾನಾ ದೇಶದಲ್ಲಿ, ಲಂಡನ್ ಮಿಶನಿನ ಜಾನ್ ಸ್ಮಿತ್ ಎಂಬ ಮಿಶನರಿಯು 1817ರಿಂದ ಗುಲಾಮರಿಗೆ ಬೋಧಿಸುತ್ತಿದ್ದನು. ಇದೇ ಮಿಶನಿನವರು 1810ರಲ್ಲಿ ನಮ್ಮ ಬಳ್ಳಾರಿಯಲ್ಲಿಯೂ ಕೆಲಸವನ್ನು ಆರಂಭಿಸಿದ್ದರು. 1823ರ ಆಗಸ್ಟಿನಲ್ಲಿ ದೆಮರಾರದ ಗುಲಾಮರು ದಂಗೆಯೆದ್ದಾಗ, ತೋಟಗಳ ಯಜಮಾನರು ಸ್ಮಿತನ ಮೇಲೆ ಅಪವಾದವನ್ನು ಹೊರಿಸಿದರು. ಸೈನಿಕನಲ್ಲದ ಆತನನ್ನು ಸೈನಿಕ ನ್ಯಾಯಾಸ್ಥಾನದ ಮುಂದೆ ನಿಲ್ಲಿಸಿ, ದಯೆ ತೋರಿಸಬಹುದೆಂಬ ಶಿಫಾರಸಿನೊಂದಿಗೆ ಮರಣದಂಡನೆಯನ್ನು ವಿಧಿಸಿದರು. ಅರಸನ ಕ್ಷಮಾಪತ್ರವು ಸಮುದ್ರವನ್ನು ದಾಟಿ ಬರುವ ಮುಂಚೆಯೇ ಕ್ಷಯರೋಗಿಯಾದ ಸ್ಮಿತನು 1824ರ ಫೆಬ್ರವರಿ 6ರಲ್ಲಿ ಸೆರೆಮನೆಯಲ್ಲಿ ಪ್ರಾಣ ಬಿಟ್ಟನು.

ಆ ವರುಷದ ಜೂನ್ ತಿಂಗಳಲ್ಲಿ ಬ್ರೂಮನು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಸಾಕ್ಷಿಗಳ ಹೇಳಿಕೆಗಳನ್ನು ಒಂದೊಂದಾಗಿ ಬಿಡಿಸಿ, ಆ ತೀರ್ಪು ಎಷ್ಟು ನ್ಯಾಯವಿರುದ್ಧವೆಂದು ತೋರಿಸಿದನು. ಆತನ ಪಕ್ಷಕ್ಕೆ 146 ಮತಗಳೂ ವಿರುದ್ಧವಾಗಿ 193 ಮತಗಳೂ ಬಂದವು. ಸಭೆಯಲ್ಲಿ ಸೋತರೂ ಜನರ ಮನಸ್ಸಿನಲ್ಲಿ ಗೆದ್ದನು. ಗುಲಾಮತನದ ವಿರುದ್ಧವಾಗಿ ಇಂಗ್ಲೆಂಡಿನ ಸಭೆಗಳಲ್ಲಿ ಎದ್ದ ಕಿಚ್ಚಿಗೆ ಸ್ಮಿತನ ಮರಣವು ಎಣ್ಣೆಯಾಯಿತು. ಇಲ್ಲಿಯೂ ಬ್ರೂಮನು ಸತ್ತವನ ಪರವಾಗಿ ಮಾತಾಡಿದನೆಂಬದನ್ನು ಗಮನಿಸಿರಿ.

1830ರಲ್ಲಿ ಬ್ರೂಮನು ಲಾರ್ಡ್ ಚಾನ್ಸಲರ್ ಎಂಬ ದೊಡ್ಡ ಪದವಿಗೆ ಏರಿದನು. ಯಾವ ಚಾನ್ಸರಿಯ ನಿಧಾನವನ್ನು ಖಂಡಿಸಿದ್ದನೋ ಅದೇ ನ್ಯಾಯಾಸ್ಥಾನದ ಮುಖ್ಯ ಪೀಠದಲ್ಲಿ ಕೂತು, ರಾಶಿಬಿದ್ದ ವ್ಯಾಜ್ಯಗಳನ್ನು ತೀರಿಸುವದಕ್ಕೆ ಹಗಲಿರುಳು ದುಡಿದನು. 1833ರಲ್ಲಿ ಗುಲಾಮರ ವಿಮೋಚನೆಯ ಕಾಯಿದೆಯಾದಾಗ ಆತನು ಆ ಮಂತ್ರಿಮಂಡಲದಲ್ಲಿದ್ದನು. ಯಜಮಾನರಿಗೆ ಎರಡು ಕೋಟಿ ಪೌಂಡು ಪರಿಹಾರವಾಗಿ ದೊರೆಯಿತು. ಬೆವರು ಸುರಿಸಿದ ಗುಲಾಮರಿಗೆ ಒಂದು ಕಾಸೂ ದೊರೆಯಲಿಲ್ಲ. ಆ ಕಾಯಿದೆಯು ನಮ್ಮ ದೇಶದ ಕುಂಪಣಿಯ ಸೀಮೆಗಳಿಗೂ ಅನ್ವಯಿಸಲಿಲ್ಲ. ಇಲ್ಲಿ ಅದಕ್ಕಾಗಿ 1843ರ ವರೆಗೆ ಕಾಯಬೇಕಾಯಿತು. ಅದೇ 1833ರಲ್ಲಿ ಬ್ರೂಮನ ಪ್ರಯತ್ನದಿಂದ ಪ್ರಿವಿ ಕೌನ್ಸಿಲಿನ ನ್ಯಾಯಸಮಿತಿಯು ಏರ್ಪಟ್ಟಿತು. 1949ರ ವರೆಗೆ ನಮ್ಮ ದೇಶದ ದೊಡ್ಡ ವ್ಯಾಜ್ಯಗಳ ಕಡೆಯ ಅಪೀಲು ಅಲ್ಲಿಗೇ ಹೋಗುತ್ತಿತ್ತು. ದೇವಸ್ಥಾನ, ಮಠ, ಧರ್ಮದತ್ತಿಗಳ ವ್ಯಾಜ್ಯಗಳೂ ಅವುಗಳಲ್ಲಿದ್ದವು.

ಇಷ್ಟು ಹೇಳಿದ ಮೇಲೆ ಆತನ ಕುಂದುಗಳನ್ನು ಮುಚ್ಚುವದು ಸರಿಯಲ್ಲ. ಬ್ರೂಮನಿಗೆ ನಾಲಿಗೆಯ ಮೇಲೆ ಹಿಡಿತವಿರಲಿಲ್ಲ; ತನ್ನ ಬುದ್ಧಿಯ ಮೇಲೆ ಅತಿಯಾದ ಭರವಸವಿತ್ತು. ವಿಚಾರಣೆಯಲ್ಲಿ ಮಿತಿಮೀರಿದನೆಂದು 1819ರಲ್ಲಿ ರಾಬರ್ಟ್ ಪೀಲ್ ಎಂಬ ಸದಸ್ಯನು ಪಾರ್ಲಿಮೆಂಟಿನಲ್ಲಿ ಆತನನ್ನು ಆಕ್ಷೇಪಿಸಿದನು. 1820ರಲ್ಲಿ ಊರೂರಿಗೂ ಶಾಲೆಗಳನ್ನು ಏರ್ಪಡಿಸುವ ಮಸೂದೆಯನ್ನು ತಂದಾಗ, ಶಾಲೆಗಳ ಮೇಲಿನ ಅಧಿಕಾರವನ್ನು ರಾಜ್ಯಸಭೆಯ ಪಾದ್ರಿಗಳಿಗೆ, ಅಂದರೆ ಸರಕಾರಕ್ಕೆ ಸೇರಿದ ಇಂಗ್ಲಿಷ್ ಸಭೆಯವರಿಗೆ, ಕೊಡಲು ಒಪ್ಪಿದನು. ಇದರಿಂದ ಇತರ ಪ್ರೊಟೆಸ್ಟಂಟ್ ಸಭೆಗಳವರು ನೊಂದು ವಿರೋಧಿಸಿದರು, ಮಸೂದೆಯು ಬಿದ್ದುಹೋಯಿತು. 1834ರಲ್ಲಿ ಮಂತ್ರಿಮಂಡಲವು ಬಿದ್ದ ಮೇಲೆ ಜೊತೆಗಾರರು ಆತನನ್ನು ಪುನಃ ಅಧಿಕಾರಕ್ಕೆ ಕರೆಯಲಿಲ್ಲ. ಕೆಲಸದಲ್ಲಿ ಆತನಷ್ಟು ಸಮರ್ಥರು ಕಡಿಮೆ. ಆದರೆ ಆತನೊಂದಿಗೆ ಕೆಲಸ ಮಾಡಬಲ್ಲವರು ಇನ್ನೂ ಕಡಿಮೆ.

ಮನೆಯಲ್ಲಿಯೂ ಆತನಿಗೆ ದುಃಖವಿತ್ತು. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಕೂಸಾಗಿರುವಾಗಲೇ ಸತ್ತಳು. ಉಳಿದವಳಾದ ಎಲಿಯನೋರಳು ಚಿಕ್ಕಂದಿನಿಂದ ರೋಗಿಷ್ಠೆ. ಆಕೆಗಾಗಿ ಫ್ರಾನ್ಸ್ ದೇಶದ ಕಾನ್ ಎಂಬ ಕರಾವಳಿಯ ಹಳ್ಳಿಯಲ್ಲಿ ಆತನು ಮನೆ ಕಟ್ಟಿಸಿ ಆಕೆಯ ಹೆಸರನ್ನೇ ಇಟ್ಟನು. ಆದರೂ ಆಕೆ 1839ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಹೋದಳು. ವಕೀಲರ ಸಂಸ್ಥೆಯಾದ ಲಿಂಕನ್ಸ್ ಇನ್ನಿನ ಪ್ರಾರ್ಥನಾಲಯದ ನೆಲದಡಿಯಲ್ಲಿ ತಂದೆಯು ಆಕೆಯನ್ನು ಹೂಣಿಡಿಸಿದನು.

ದತ್ತಿಗಳ ಕೆಲಸವು ಮಾತ್ರ ಸಾಯಲಿಲ್ಲ. 1853ರಲ್ಲಿ, ಬ್ರೂಮನು ಮುದುಕನಾಗಿರುವಾಗ, ಇಂಗ್ಲೆಂಡಿನಲ್ಲಿ ದತ್ತಿಗಳನ್ನು ನೋಡಿಕೊಳ್ಳುವದಕ್ಕಾಗಿ ಒಂದು ಶಾಶ್ವತ ಮಂಡಲಿಯು ಸ್ಥಾಪಿಸಲ್ಪಟ್ಟಿತು. ಅದೇ ವರುಷ ಇನ್ನೊಂದು ತೀರ್ಪೂ ಬಂತು. ವಿಂಚೆಸ್ಟರ್ ಪಟ್ಟಣದ ಬಳಿಯಲ್ಲಿ ಸೇಂಟ್ ಕ್ರಾಸ್ ಎಂಬ ಪ್ರಾಚೀನ ಧರ್ಮಶಾಲೆಯಿದೆ. ಹದಿಮೂರು ಮಂದಿ ಬಡ ಮುದುಕರನ್ನು ಸಾಕುವದಕ್ಕೂ ದಿನಾಲು ನೂರು ಮಂದಿ ಬಡವರಿಗೆ ಉಣಬಡಿಸುವದಕ್ಕೂ ಹನ್ನೆರಡನೆಯ ಶತಮಾನದ ಒಬ್ಬ ಬಿಷಪನು ಅದನ್ನು ಸ್ಥಾಪಿಸಿದ್ದನು. 1808ರಲ್ಲಿ ವಿಂಚೆಸ್ಟರಿನ ಬಿಷಪನು ತನ್ನ ಮಗನನ್ನೇ ಅದರ ಒಡೆಯನಾಗಿ ನೇಮಿಸಿದನು. ಮುಂದೆ ಗಿಲ್ಫರ್ಡಿನ ಪ್ರಭುವಾದ ಈ ಪಾದ್ರಿಯು ಗುತ್ತಿಗೆದಾರರು ತರುವ ದೊಡ್ಡ ಮೊತ್ತಗಳನ್ನು ನಲ್ವತ್ತು ವರುಷಕ್ಕೂ ಮಿಕ್ಕಿ ತನ್ನ ಸ್ವಂತಕ್ಕೆ ತೆಗೆದುಕೊಂಡನು. ಆ ಆದಾಯವು ಒಡೆಯನದಲ್ಲ, ದತ್ತಿಯದೇ ಎಂದು 1853ರಲ್ಲಿ ತೀರ್ಪು ಕೊಟ್ಟ ನ್ಯಾಯಾಧಿಪತಿಯು ಯಾರು? ಬ್ರೂಮನ ಸ್ನೇಹಿತನಾಗಿದ್ದ ರಾಮಿಲಿಯ ಮಗನಾದ ಸರ್ ಜಾನ್ ರಾಮಿಲಿಯೇ! ತಂದೆಯ ಕಾಲದಲ್ಲಿ ಬಿತ್ತಿದ್ದನ್ನು ಮಗನ ಕಾಲದಲ್ಲಿ ಕೊಯ್ದರು.

ಹೆನ್ರಿ ಬ್ರೂಮನು 1868ರ ಮೇ 7ರಲ್ಲಿ ಕಾನ್ ಊರಿನಲ್ಲಿ ತನ್ನ ಎಂಭತ್ತೊಂಭತ್ತನೆಯ ವಯಸ್ಸಿನಲ್ಲಿ ನಿದ್ರೆಹೋದನು. 1853ರಲ್ಲಿ ಹುಟ್ಟಿದ ಆ ಮಂಡಲಿಯು ಹೆಸರೂ ಅಧಿಕಾರವೂ ಕೆಲವು ಸಾರಿ ಮಾರ್ಪಟ್ಟರೂ ಇಂದಿಗೂ ಕೆಲಸ ನಡಿಸುತ್ತದೆ. 1960ರ ಕಾಯಿದೆಯಿಂದ ಅಲ್ಲಿ ದತ್ತಿಗಳ ಬಹಿರಂಗ ಪಟ್ಟಿಯೂ ಏರ್ಪಟ್ಟಿತು. ಬ್ರೂಮನು ಬಯಸಿದ್ದು ಅದನ್ನೇ.

ಪ್ರಿಯ ವಾಚಕರೇ, ಇದು ದೂರದೇಶದ ದೊಡ್ಡ ಮನುಷ್ಯರ ಕಥೆಯೆಂದು ಪುಸ್ತಕವನ್ನು ಮುಚ್ಚಬೇಡಿರಿ. ನಮ್ಮ ದೇಶದಲ್ಲಿಯೂ 1890ರ ಧರ್ಮದತ್ತಿಗಳ ಕಾಯಿದೆಯಿದೆ. 1908ರ ಸಿವಿಲ್ ವ್ಯವಹಾರ ಸಂಹಿತೆಯ 92ನೆಯ ಕಲಮು, ಸಾರ್ವಜನಿಕ ದತ್ತಿಯಲ್ಲಿ ಸಂಬಂಧವುಳ್ಳ ಇಬ್ಬರು ಕೂಡಿ, ನ್ಯಾಯಾಸ್ಥಾನದ ಅನುಮತಿಯಿಂದ, ಅದರ ಲೆಕ್ಕವನ್ನು ಕೇಳುವದಕ್ಕೆ ಅವಕಾಶ ಕೊಡುತ್ತದೆ. ರಾಮಿಲಿಯ ಕಾಯಿದೆಯಲ್ಲಿದ್ದ ಇಬ್ಬರೇ ಇಲ್ಲಿಯೂ ಇದ್ದಾರೆ. ಲೆಕ್ಕ ಕೇಳುವದಕ್ಕೆ ಊರೆಲ್ಲಾ ಕೂಡಬೇಕಾಗಿಲ್ಲ, ಐಶ್ವರ್ಯವಂತರು ಬೇಕಾಗಿಲ್ಲ. ತಿಳಿದವರು ಇಬ್ಬರಿದ್ದರೆ ಸಾಕು.

ಆದರೆ ನ್ಯಾಯಾಸ್ಥಾನಕ್ಕೆ ಹೋಗುವದು ಕಡೆಯ ಮದ್ದು. ಮೊದಲಿನ ಮದ್ದು ಒಂದು ಪುಸ್ತಕವೂ ಒಂದು ಲೇಖಣಿಯೂ. ನಿಮ್ಮ ಊರಿನ ಸಭೆಗೆ ಯಾರಾದರೂ ಹೊಲವನ್ನೋ ತೆಂಗಿನ ಮರವನ್ನೋ ಹಣವನ್ನೋ ಬಿಟ್ಟುಹೋಗಿದ್ದರೆ, ಯಾರು ಕೊಟ್ಟರು, ಯಾರಿಗಾಗಿ ಕೊಟ್ಟರು, ವರುಷಕ್ಕೆ ಬರುವದೆಷ್ಟು ಎಂಬದನ್ನು ಬರೆದಿಡಿರಿ. ವರುಷಕ್ಕೊಮ್ಮೆ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿರಿ. ಓದುಬಾರದ ವಿಧವೆಯೂ ಕೇಳಿಸಿಕೊಳ್ಳುವ ಹಾಗೆ ಓದಿರಿ. ಯಾಕಂದರೆ ಆ ಲೆಕ್ಕವು ಮೊದಲು ಆಕೆಗೆ ಸೇರಿದ್ದು. ದತ್ತಿಯನ್ನು ಕಾಯುವವನೇ ಅದನ್ನು ಗುತ್ತಿಗೆಗೆ ಹಿಡಿಯದಿರಲಿ. ಯಾರಾದರೂ ಲೆಕ್ಕ ಕೇಳಿದರೆ ಹಿರಿಯರು ಅದನ್ನು ಅವಮಾನವೆಂದೆಣಿಸದಿರಲಿ. ನಂಬಿಗಸ್ತನಾದ ಪಾರುಪತ್ಯಗಾರನಿಗೆ ಲೆಕ್ಕದ ಪುಸ್ತಕವು ಕಾವಲುಗಾರನೇ ಹೊರತು ವೈರಿಯಲ್ಲ. ಕೊಟ್ಟವರು ಮಾತಾಡಲಾರರು. ಅವರ ಪರವಾಗಿ ನಾವು ಮಾತಾಡದಿದ್ದರೆ ಅವರ ದಾನವೂ ಅವರೊಂದಿಗೆ ಮಣ್ಣಾಗುವದು.